ನರಕೋಶ ಬದುಕುವುದು ಯಾವುದರಿಂದ? ಕೋಳಿಮೊಟ್ಟೆ, ಹಾವಿನ ವಿಷ ಮತ್ತು ರೀಟಾ ಲೆವಿ-ಮೊಂಟಾಲ್ಚಿನಿ

ಕಾಲು ಜೋಮು ಹಿಡಿಯುತ್ತದೆ, ಅಂಗಾಲು ಉರಿಯುತ್ತದೆ, ಇತ್ತೀಚೆಗೆ ಮರೆವು ಜಾಸ್ತಿ. ಇಷ್ಟು ಹೇಳಿದರೆ ಸಾಕು, ನರಕ್ಕೆ ಶಕ್ತಿ ಕಡಿಮೆಯಾಗಿದೆ ಎಂದು ಯಾರಾದರೊಬ್ಬರು ಒಂದು ಟಾನಿಕ್‌ನ ಹೆಸರು ಹೇಳುತ್ತಾರೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯವರಿಗೆ ನರದೌರ್ಬಲ್ಯದ ಮದ್ದಿನ ಗೋಡೆಬರಹ ಹೊಸದೇನಲ್ಲ. ಈಗ ಅದೇ ಮಾತು ಹೊಸ ವೇಷದಲ್ಲಿ ಮೊಬೈಲಿಗೂ ಬಂದಿದೆ. ಮೆದುಳಿನ ಬೆಳವಣಿಗೆಯ ಪ್ರೋಟೀನ್ ಹೆಚ್ಚಿಸುವ ಪುಡಿ, ಸತ್ತ ನರಕ್ಕೆ ಜೀವ ಕೊಡುವ ಮಾತ್ರೆ, ಹೀಗೆ.

ಇದರಲ್ಲಿ ಒಂದು ಭಾಗ ನಿಜ. ನರಕೋಶಗಳನ್ನು ಬೆಳೆಸುವ, ಸಾಯದಂತೆ ಕಾಯುವ ಪ್ರೋಟೀನ್‌ಗಳು ನಮ್ಮ ದೇಹದಲ್ಲಿವೆ. ಆದರೆ ಅವು ಎಲ್ಲಿ ತಯಾರಾಗುತ್ತವೆ, ನರಕೋಶವನ್ನು ಹೇಗೆ ಮುಟ್ಟುತ್ತವೆ? ಇದು ಗೊತ್ತಾದರೆ ಪುಡಿ, ಮಾತ್ರೆಗಳ ಮಾತನ್ನು ಎಷ್ಟು ನಂಬಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಅದನ್ನು ತಿಳಿಯಲು ಸುಲಭದ ದಾರಿ, ಇಂಥ ಮೊದಲ ಪ್ರೋಟೀನನ್ನು ಕಂಡುಹಿಡಿದ ಇಟಲಿಯ ವಿಜ್ಞಾನಿಯ ಬದುಕನ್ನು ನೋಡುವುದು. ಅವರ ಹೆಸರು ರೀಟಾ ಲೆವಿ-ಮೊಂಟಾಲ್ಚಿನಿ.

ಅಪ್ಪ ಬೇಡವೆಂದ ಓದು

ರೀಟಾ ಹುಟ್ಟಿದ್ದು 1909ರ ಏಪ್ರಿಲ್ 22ರಂದು, ಇಟಲಿಯ ಟ್ಯೂರಿನ್ ನಗರದ ಒಂದು ಯಹೂದಿ ಕುಟುಂಬದಲ್ಲಿ. ತಂದೆ ಆಡಮೋ ಲೆವಿ ಎಂಜಿನಿಯರ್, ತಾಯಿ ಅಡೇಲೆ ಮೊಂಟಾಲ್ಚಿನಿ ಚಿತ್ರಕಲಾವಿದೆ. ನಾಲ್ಕು ಮಕ್ಕಳಲ್ಲಿ ರೀಟಾ ಮತ್ತು ಪಾವೊಲಾ ಅವಳಿಗಳು. ಪಾವೊಲಾ ಮುಂದೆ ಹೆಸರಾಂತ ಕಲಾವಿದೆಯಾದರು.

ಓದಿಗೆ ಬೆಲೆ ಕೊಡುವ ಮನೆಯೇ ಆದರೂ ಹೆಣ್ಣುಮಕ್ಕಳ ವಿಷಯದಲ್ಲಿ ತಂದೆಯ ನಿಲುವು ಹಳೆಯದು. ಕೆಲಸಕ್ಕೆ ಹೋಗುವ ಹೆಣ್ಣು ಹೆಂಡತಿಯಾಗಿ, ತಾಯಿಯಾಗಿ ಮಾಡಬೇಕಾದ್ದನ್ನು ಸರಿಯಾಗಿ ಮಾಡಲಾರಳು ಎಂದು ಅವರು ನಂಬಿದ್ದರು. ಹಾಗಾಗಿ ಹೆಣ್ಣುಮಕ್ಕಳನ್ನು ವಿಶ್ವವಿದ್ಯಾಲಯಕ್ಕೆ ಕಳಿಸುವ ಯೋಚನೆಯೇ ಇರಲಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ರೀಟಾ ತನಗೆ ಆ ಬದುಕು ಒಗ್ಗುವುದಿಲ್ಲ, ವೈದ್ಯಕೀಯ ಓದಬೇಕು ಎಂದು ತಂದೆಯ ಮುಂದೆ ಹೇಳಿದರು. ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡಿದ್ದ ಜೊವಾನ್ನಾ ಎಂಬಾಕೆ ಕ್ಯಾನ್ಸರ್‌ನಿಂದ ತೀರಿಕೊಂಡದ್ದು ಈ ನಿರ್ಧಾರವನ್ನು ಗಟ್ಟಿಮಾಡಿತ್ತು. ತಂದೆ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು.

ಶಾಲೆಯಲ್ಲಿ ಕಲಿಯದೇ ಉಳಿದಿದ್ದ ಲ್ಯಾಟಿನ್, ಗ್ರೀಕ್, ಗಣಿತಗಳನ್ನು ರೀಟಾ ಎಂಟು ತಿಂಗಳಲ್ಲಿ ಕಲಿತು ಟ್ಯೂರಿನ್ ವೈದ್ಯಕೀಯ ಶಾಲೆ ಸೇರಿದರು. ಅಲ್ಲಿ ಅಂಗಾಂಶಗಳ ಅಧ್ಯಯನ ಕಲಿಸುತ್ತಿದ್ದವರು ಜ್ಯುಸೆಪ್ಪೆ ಲೆವಿ. ಹೆಸರಲ್ಲಿ ಲೆವಿ ಇದ್ದರೂ ಸಂಬಂಧಿಕರಲ್ಲ. ನರಕೋಶಗಳಿಗೆ ಬೆಳ್ಳಿಯ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸವನ್ನು ರೀಟಾ ಕಲಿತದ್ದು ಇವರ ಕೈಕೆಳಗೆ. ಇದೇ ಗುರುವಿನ ಬಳಿ ಆಗ ಓದುತ್ತಿದ್ದ ಸಾಲ್ವಡೋರ್ ಲೂರಿಯಾ ಮತ್ತು ರೆನಾಟೊ ಡುಲ್ಬೆಕೊ ಕೂಡ ಮುಂದೆ ನೊಬೆಲ್ ಪಡೆದರು. ಒಬ್ಬ ಮೇಷ್ಟರ ಮೂವರು ಶಿಷ್ಯರಿಗೆ ನೊಬೆಲ್!

ಮಲಗುವ ಕೋಣೆಯಲ್ಲಿ ಪ್ರಯೋಗಾಲಯ

ರೀಟಾ ವೈದ್ಯಕೀಯ ಪದವಿ ಪಡೆದದ್ದು 1936ರಲ್ಲಿ. ಎರಡೇ ವರ್ಷಕ್ಕೆ, 1938ರಲ್ಲಿ, ಮುಸೊಲಿನಿಯ ಸರ್ಕಾರ ಜನಾಂಗೀಯ ಕಾನೂನುಗಳನ್ನು ತಂದಿತು. ಯಹೂದಿಗಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು. ರೀಟಾ ಸ್ವಲ್ಪ ಕಾಲ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಕೆಲಸ ಮಾಡಿದರು. 1940ರಲ್ಲಿ ಜರ್ಮನ್ ಸೇನೆ ಬೆಲ್ಜಿಯಂಗೆ ನುಗ್ಗುವ ಸ್ವಲ್ಪ ಮೊದಲು ಟ್ಯೂರಿನ್‌ಗೆ ಮರಳಿದರು.

ಪ್ರಯೋಗಾಲಯಕ್ಕೆ ಹೋಗುವಂತಿಲ್ಲ ಎಂದಾಗ ಅವರು ಮಲಗುವ ಕೋಣೆಯನ್ನೇ ಪ್ರಯೋಗಾಲಯ ಮಾಡಿಕೊಂಡರು. ಒಂದು ಸೂಕ್ಷ್ಮದರ್ಶಕ, ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ, ಗಡಿಯಾರ ರಿಪೇರಿಯವರ ಚಿಮಟ, ಸಾಣೆ ಹಿಡಿದು ಚೂಪು ಮಾಡಿದ ಹೊಲಿಗೆ ಸೂಜಿಗಳು. ಕೆಲಸ ಕಳೆದುಕೊಂಡಿದ್ದ ಗುರು ಜ್ಯುಸೆಪ್ಪೆ ಲೆವಿಯೂ ಅಲ್ಲಿಗೇ ಬಂದು ಶಿಷ್ಯೆಗೆ ಸಹಾಯಕರಾದರು.

ಬಾಂಬ್ ದಾಳಿ ಜೋರಾದಾಗ ಕುಟುಂಬ ಹಳ್ಳಿಯ ಮನೆಗೆ ಹೋಯಿತು. ಅಲ್ಲಿಯೂ ಒಂದು ಮೂಲೆಯಲ್ಲಿ ಪ್ರಯೋಗಾಲಯ ಮತ್ತೆ ಎದ್ದಿತು. ಬೇಕಾದದ್ದು ಮೊಟ್ಟೆ, ಅದೂ ಹುಂಜ ಸೇರಿ ಜೀವ ಕಟ್ಟಿದ ಮೊಟ್ಟೆ. ನಮ್ಮ ಹಳ್ಳಿಗಳಲ್ಲಿ ನಾಟಿಕೋಳಿಯನ್ನು ಕಾವಿಗೆ ಕೂರಿಸುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಹುಂಜವೇ ಇಲ್ಲದ ಫಾರಂನ ಮೊಟ್ಟೆಗೆ ಎಷ್ಟು ಕಾವು ಕೊಟ್ಟರೂ ಮರಿ ಆಗುವುದಿಲ್ಲ. ರೀಟಾ ರೈತರ ಮನೆಮನೆಗೆ ಹೋಗಿ, ಚಿಕ್ಕ ಮಕ್ಕಳಿಗೆ ಇಂಥ ಮೊಟ್ಟೆಯೇ ಒಳ್ಳೆಯದು ಎಂದು ನೆಪ ಹೇಳಿ ಕೇಳಿ ತರುತ್ತಿದ್ದರು. ಯುದ್ಧಕಾಲದ ಬರಗಾಲ. ಭ್ರೂಣ ತೆಗೆದ ಮೇಲೆ ಉಳಿದ ಮೊಟ್ಟೆ ಮನೆಯವರ ಊಟಕ್ಕೆ ಆಗುತ್ತಿತ್ತು.

ಹುಟ್ಟಲೇ ಇಲ್ಲವೋ, ಹುಟ್ಟಿ ಸತ್ತವೋ?

ಈ ಮೊಟ್ಟೆಗಳಲ್ಲಿ ಅವರು ಹುಡುಕುತ್ತಿದ್ದದ್ದು ಏನು? ಅಮೆರಿಕದಲ್ಲಿದ್ದ ವಿಜ್ಞಾನಿ ವಿಕ್ಟರ್ ಹ್ಯಾಂಬರ್ಗರ್ 1934ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ದರು. ಕೋಳಿಯ ಭ್ರೂಣದಲ್ಲಿ ರೆಕ್ಕೆ ಅಥವಾ ಕಾಲು ಆಗಬೇಕಾದ ಮೊಗ್ಗನ್ನು ಕತ್ತರಿಸಿ ತೆಗೆದರೆ, ಆ ಭಾಗಕ್ಕೆ ನರ ಕಳಿಸಬೇಕಾದ ನರಕೋಶಗಳ ಗುಂಪು ತೀರಾ ಚಿಕ್ಕದಾಗುತ್ತಿತ್ತು. ಅಂಗದಿಂದ ಬರುವ ಯಾವುದೋ ಸೂಚನೆಯಿಂದಲೇ ಎಳೆಯ ಕೋಶಗಳು ನರಕೋಶಗಳಾಗುತ್ತವೆ, ಅಂಗವಿಲ್ಲದಿದ್ದರೆ ನರಕೋಶಗಳೇ ಹುಟ್ಟುವುದಿಲ್ಲ ಎಂದು ಹ್ಯಾಂಬರ್ಗರ್ ವಿವರಿಸಿದ್ದರು.

ರೀಟಾ ಅದೇ ಪ್ರಯೋಗವನ್ನು ಮತ್ತೆ ಮಾಡಿದರು. ಹಂತ ಹಂತವಾಗಿ ಭ್ರೂಣಗಳನ್ನು ಹೊರತೆಗೆದು, ತೆಳುವಾಗಿ ಕೊಯ್ದು, ನರಕೋಶಗಳನ್ನು ಎಣಿಸಿದರು. ಕಂಡದ್ದು ಬೇರೆಯೇ. ನರಕೋಶಗಳು ಎಂದಿನಂತೆ ಹುಟ್ಟಿದ್ದವು. ತಂತುಗಳನ್ನೂ ಚಾಚಿದ್ದವು. ಅಲ್ಲಿ ಅಂಗ ಇಲ್ಲದ್ದರಿಂದ ಆಮೇಲೆ ಒಂದೊಂದಾಗಿ ಸತ್ತುಹೋಗಿದ್ದವು.

ಮಳೆ ನಂಬಿ ಬಿತ್ತುವ ನಮ್ಮ ಬಯಲುಸೀಮೆಯ ಹೊಲ ನೆನೆಸಿಕೊಳ್ಳಿ. ಮೊಳಕೆ ಕಾಣದ ಸಾಲಿನ ಮುಂದೆ ನಿಂತ ರೈತರಿಗೆ ಬೀಜ ಹುಟ್ಟಲೇ ಇಲ್ಲವೋ, ಹುಟ್ಟಿದ ಸಸಿ ತೇವವಿಲ್ಲದೆ ಒಣಗಿತೋ ಎಂಬುದು ದೊಡ್ಡ ಪ್ರಶ್ನೆ. ಮೊದಲನೆಯದಾದರೆ ಬೀಜ ಬದಲಿಸಬೇಕು, ಎರಡನೆಯದಾದರೆ ನೀರು ಕೊಡಬೇಕು. ನರಕೋಶದ ವಿಷಯದಲ್ಲೂ ಹಾಗೇ. ಹುಟ್ಟಿ ಸಾಯುತ್ತಿದ್ದರೆ, ಅವು ತಲುಪಬೇಕಾದ ಜಾಗದಲ್ಲಿ ಬದುಕಿಸುವ ಏನೋ ಇರಲೇಬೇಕು. ಯಹೂದಿಗಳ ಲೇಖನವನ್ನು ಇಟಲಿಯ ಪತ್ರಿಕೆಗಳು ಹಾಕುವಂತಿರಲಿಲ್ಲ. ಹಾಗಾಗಿ ಈ ಕೆಲಸ ಬೆಲ್ಜಿಯಂನ ಪತ್ರಿಕೆಯಲ್ಲಿ ಬಂತು.

1943ರಲ್ಲಿ ಜರ್ಮನ್ ಸೇನೆ ಇಟಲಿಯೊಳಗೆ ಬಂದಾಗ ಪ್ರಯೋಗ ನಿಂತಿತು. ಕುಟುಂಬ ಫ್ಲಾರೆನ್ಸ್‌ಗೆ ಓಡಿ, ಸುಳ್ಳು ಹೆಸರಿನಲ್ಲಿ ತಲೆಮರೆಸಿಕೊಂಡು ಬದುಕಿತು. 1944ರಲ್ಲಿ ನಗರ ಬಿಡುಗಡೆಯಾದ ಮೇಲೆ ರೀಟಾ ನಿರಾಶ್ರಿತರ ಶಿಬಿರದಲ್ಲಿ ವೈದ್ಯೆಯಾಗಿ ದುಡಿದರು. ಸಾಂಕ್ರಾಮಿಕ ರೋಗದಿಂದ ಕಣ್ಣೆದುರೇ ಜನ ಸಾಯುತ್ತಿದ್ದರು. ಯುದ್ಧ ಮುಗಿದ ಮೇಲೆ ಅವರು ಟ್ಯೂರಿನ್‌ಗೆ ಮರಳಿ ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕೂತರು.

ಕೈಚೀಲದಲ್ಲಿ ಎರಡು ಇಲಿ

ತಮ್ಮ ವಿವರಣೆ ತಪ್ಪಿರಬಹುದು ಎನ್ನುವ ಆ ಲೇಖನವನ್ನು ಓದಿದ ಹ್ಯಾಂಬರ್ಗರ್ 1947ರಲ್ಲಿ ರೀಟಾ ಅವರನ್ನೇ ಅಮೆರಿಕದ ಸೇಂಟ್ ಲೂಯಿಸ್‌ಗೆ, ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಕರೆದರು. ಹಿಟ್ಲರ್ ಅಧಿಕಾರಕ್ಕೆ ಬಂದಾಗ ಜರ್ಮನಿಯಲ್ಲಿ ಕೆಲಸ ಕಳೆದುಕೊಂಡು ಅಮೆರಿಕದಲ್ಲೇ ಉಳಿದವರು ಹ್ಯಾಂಬರ್ಗರ್. ಇಬ್ಬರೂ ಕೂಡಿ ಕೆಲಸ ಮಾಡಿದಾಗ ರೀಟಾ ಕಂಡದ್ದು ಸರಿ ಎಂದು ಖಚಿತವಾಯಿತು. ಕೆಲವು ತಿಂಗಳಿಗೆಂದು ಹೋದ ರೀಟಾ ಅಲ್ಲಿ ಮೂವತ್ತು ವರ್ಷ ನಂಟು ಉಳಿಸಿಕೊಂಡರು.

ಬದುಕಿಸುವ ಆ ವಸ್ತು ಯಾವುದು ಎಂಬ ಸುಳಿವು ಸಿಕ್ಕಿದ್ದು ಒಂದು ಗಡ್ಡೆಯಿಂದ. ಹ್ಯಾಂಬರ್ಗರ್ ಅವರ ಹಳೆಯ ವಿದ್ಯಾರ್ಥಿ ಎಲ್ಮರ್ ಬ್ಯೂಕರ್, ಇಲಿಯ ಕ್ಯಾನ್ಸರ್ ಗಡ್ಡೆಯ ತುಣುಕನ್ನು ಕೋಳಿಯ ಭ್ರೂಣದಲ್ಲಿ ಇಟ್ಟಾಗ ನರತಂತುಗಳು ಅದರೊಳಗೆ ನುಗ್ಗಿದ್ದನ್ನು 1948ರಲ್ಲಿ ವರದಿ ಮಾಡಿದ್ದರು. ರೀಟಾ ಇದನ್ನು ಮಾಡಿ ನೋಡಿದರು. ತಂತುಗಳು ಗಡ್ಡೆಯ ತುಂಬ ಹರಡಿದ್ದವು. ಇನ್ನೂ ಮುಖ್ಯವಾದದ್ದು, ಗಡ್ಡೆಯನ್ನು ಭ್ರೂಣಕ್ಕೆ ತಾಗದಂತೆ ಹೊರಗಿನ ಪೊರೆಯ ಮೇಲೆ ಇಟ್ಟಾಗಲೂ ನರಗಳು ಹೆಚ್ಚಿದವು. ಅಂದರೆ ಗಡ್ಡೆಯಿಂದ ಏನೋ ಒಸರಿ, ರಕ್ತದಲ್ಲಿ ಸೇರಿ ನರಕೋಶಗಳನ್ನು ಮುಟ್ಟುತ್ತಿತ್ತು.

ಇದನ್ನು ಗಾಜಿನ ತಟ್ಟೆಯಲ್ಲಿ ತೋರಿಸಬೇಕಿತ್ತು. ದೇಹದ ಹೊರಗೆ ಕೋಶಗಳನ್ನು ಬೆಳೆಸುವಲ್ಲಿ ಪಳಗಿದ್ದ ಹೆರ್ಟಾ ಮೇಯರ್ ಎಂಬ ಗೆಳತಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿದ್ದರು. 1952ರಲ್ಲಿ ರೀಟಾ, ಗಡ್ಡೆಯಿದ್ದ ಎರಡು ಇಲಿಗಳನ್ನು ಕೈಚೀಲದಲ್ಲಿ ಇಟ್ಟುಕೊಂಡು ವಿಮಾನ ಹತ್ತಿದರು. ರಿಯೊದಲ್ಲಿ ನರಕೋಶಗಳ ಗುಂಪಿನ ಪಕ್ಕ ಗಡ್ಡೆಯ ಚೂರು ಇಟ್ಟರೆ, ಒಂದೇ ದಿನದೊಳಗೆ ಗುಂಪಿನ ಸುತ್ತ ಸೂರ್ಯನ ಕಿರಣಗಳಂತೆ ತಂತುಗಳು ಹೊರಟವು. ದೇವರ ಪಟದಲ್ಲಿ ತಲೆಯ ಹಿಂದೆ ಕಾಣುವ ಪ್ರಭಾವಳಿಯಂತೆಯೇ ಇತ್ತು ಅದು.

ವಿಷದಲ್ಲಿ ಸಿಕ್ಕ ಪೋಷಕ

1953ರಲ್ಲಿ ಸ್ಟಾನ್ಲಿ ಕೋಹೆನ್ ಎಂಬ ಜೀವರಸಾಯನ ವಿಜ್ಞಾನಿ ಜೊತೆಯಾದರು. ಬ್ರೂಕ್ಲಿನ್‌ನ ದರ್ಜಿಯೊಬ್ಬರ ಮಗ. ಗಡ್ಡೆಯಿಂದ ಆ ವಸ್ತುವನ್ನು ಬೇರ್ಪಡಿಸುವುದು ಅವರ ಕೆಲಸ. ಅದು ಪ್ರೋಟೀನೋ, ನ್ಯೂಕ್ಲಿಯಿಕ್ ಆಮ್ಲವೋ ತಿಳಿಯಬೇಕಿತ್ತು. ನ್ಯೂಕ್ಲಿಯಿಕ್ ಆಮ್ಲವನ್ನು ಒಡೆಯುವ ಕಿಣ್ವ ಹಾವಿನ ವಿಷದಲ್ಲಿದೆ. ಅದಕ್ಕಾಗಿ ಸ್ವಲ್ಪ ವಿಷ ಬೆರೆಸಿದರು. ತಂತುಗಳು ಬೆಳೆಯುವುದು ನಿಲ್ಲುತ್ತದೋ ನೋಡೋಣ ಎಂದುಕೊಂಡರೆ, ಮೊದಲಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿ ಬೆಳೆದವು! ಬೆರೆಸಿದ ವಿಷದಲ್ಲೇ ಆ ವಸ್ತು ಗಡ್ಡೆಯಲ್ಲಿದ್ದದ್ದಕ್ಕಿಂತ ಬಹಳ ಹೆಚ್ಚು ತುಂಬಿತ್ತು.

ಹಾವಿನ ವಿಷದ ಗ್ರಂಥಿ ಎಂದರೆ ಒಂದು ಬಗೆಯಲ್ಲಿ ಜೊಲ್ಲುಗ್ರಂಥಿಯೇ. ಹಾಗಿದ್ದರೆ ಇಲಿಯ ಜೊಲ್ಲುಗ್ರಂಥಿಯಲ್ಲೂ ಇರಬಹುದಲ್ಲ ಎಂದು ಕೋಹೆನ್ ಹುಡುಕಿದರು. ಗಂಡು ಇಲಿಯ ಗ್ರಂಥಿಯಲ್ಲಿ ಅದು ಧಾರಾಳವಾಗಿ ಸಿಕ್ಕಿತು. ಅದು ಪ್ರೋಟೀನ್ ಎಂಬುದು ಖಚಿತವಾಯಿತು. ಹೆಸರು ನರ್ವ್ ಗ್ರೋತ್ ಫ್ಯಾಕ್ಟರ್, ಚಿಕ್ಕದಾಗಿ ಎನ್‌ಜಿಎಫ್.

ನಮ್ಮ ಶೇಂಗಾ ಹೊಲಗಳಲ್ಲಿ ಕಾಣುವ ನಾಗರಹಾವಿನ ವಿಷದಲ್ಲೂ ಎನ್‌ಜಿಎಫ್ ಇದೆ. ಹಾಗೆಂದು ಹಾವಿನ ವಿಷ ನರಕ್ಕೆ ಒಳ್ಳೆಯದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾಗರಹಾವಿನ ವಿಷದ ಬೇರೆ ಅಂಶಗಳು ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸುತ್ತವೆ. ಕಚ್ಚಿದರೆ ಇರುವ ಮದ್ದು ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ಮಾತ್ರ.

ಆಮೇಲೆ ಬಂದದ್ದು ಅತಿ ಗಟ್ಟಿ ಸಾಕ್ಷ್ಯ. ಎನ್‌ಜಿಎಫ್ ಅನ್ನು ತಡೆಯುವ ಪ್ರತಿಕಾಯಗಳನ್ನು ಆಗ ತಾನೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ, ಹೃದಯ, ರಕ್ತನಾಳ ಮುಂತಾದವನ್ನು ನಿಯಂತ್ರಿಸುವ ಸಿಂಪಥೆಟಿಕ್ ನರಕೋಶಗಳು ಹೆಚ್ಚುಕಡಿಮೆ ಇಲ್ಲವಾದವು. ಪ್ರೋಟೀನ್ ಕಿತ್ತುಕೊಂಡರೆ ನರಕೋಶ ಸಾಯುತ್ತದೆ ಎಂಬುದಕ್ಕೆ ಇನ್ನೇನು ಬೇಕು?

ಇದು ಕೆಲಸ ಮಾಡುವ ಬಗೆ

ಭ್ರೂಣದಲ್ಲಿ ನರಕೋಶಗಳು ಅಗತ್ಯಕ್ಕಿಂತ ಹೆಚ್ಚು ಹುಟ್ಟುತ್ತವೆ. ಪ್ರತಿಯೊಂದೂ ತನ್ನ ತಂತುವನ್ನು ಚರ್ಮ, ಸ್ನಾಯು, ರಕ್ತನಾಳ, ಹೀಗೆ ಒಂದೊಂದು ಗುರಿಯತ್ತ ಚಾಚುತ್ತದೆ. ಗುರಿಯಲ್ಲಿರುವ ಅಂಗಾಂಶ ಎನ್‌ಜಿಎಫ್‌ನಂಥ ಪ್ರೋಟೀನನ್ನು ಬಹಳ ಕಡಿಮೆ ಪ್ರಮಾಣದಲ್ಲಿ ತಯಾರಿಸುತ್ತದೆ. ತಂತುವಿನ ತುದಿಯಲ್ಲಿರುವ ಗ್ರಾಹಕಗಳು ಬೀಗಕ್ಕೆ ಕೀಲಿ ಕೂತಂತೆ ಅದನ್ನು ಹಿಡಿಯುತ್ತವೆ. ಆ ಸಂದೇಶ ತಂತುವಿನೊಳಗೆ ಹಿಂದಕ್ಕೆ, ಕೋಶದ ಮುಖ್ಯ ಭಾಗದವರೆಗೆ ಸಾಗುತ್ತದೆ. ಪಾದದಿಂದ ಬೆನ್ನಿನ ಬುಡದವರೆಗೆ ಹೋಗುವ ತಂತು ಸುಮಾರು ಒಂದು ಮೀಟರ್ ಉದ್ದವಿರಬಹುದು. ಸಂದೇಶ ತಲುಪಿದರೆ ಕೋಶದೊಳಗಿನ ತಾನೇ ಸಾಯುವ ವ್ಯವಸ್ಥೆ ತಡೆಹಿಡಿಯಲ್ಪಡುತ್ತದೆ. ತಲುಪದಿದ್ದರೆ ಕೋಶ ಸದ್ದಿಲ್ಲದೆ ಅಳಿಯುತ್ತದೆ. ಹೀಗೆ ಅಂಗಕ್ಕೆ ಎಷ್ಟು ಬೇಕೋ ಅಷ್ಟು ನರಕೋಶಗಳು ಉಳಿಯುತ್ತವೆ.

ಎನ್‌ಜಿಎಫ್ ಎಲ್ಲ ನರಕೋಶಗಳಿಗೂ ಅಲ್ಲ. ನೋವನ್ನು ತಿಳಿಸುವ ನರಕೋಶಗಳು, ಸಿಂಪಥೆಟಿಕ್ ನರಕೋಶಗಳು, ಮೆದುಳಿನ ಕೆಲವು ಗುಂಪುಗಳು ಅದನ್ನು ಅವಲಂಬಿಸಿವೆ. 1982ರಲ್ಲಿ ಇವ್ ಬಾರ್ದ್, ಹಾನ್ಸ್ ಥೋನೆನ್ ಮತ್ತು ಸಂಗಡಿಗರು ಹಂದಿಯ ಮೆದುಳಿನಿಂದ ಇದರ ಸೋದರ ಪ್ರೋಟೀನನ್ನು ಬೇರ್ಪಡಿಸಿದರು. ಅದೇ ಈಗ ಜಾಹೀರಾತುಗಳಲ್ಲಿ ಕೇಳಿಬರುವ ಬಿಡಿಎನ್‌ಎಫ್. ಬೆಳೆದ ಮೆದುಳಿನಲ್ಲಿ ನರಕೋಶಗಳ ನಡುವಿನ ಸಂಪರ್ಕ ಬಲಪಡಿಸಲು, ಅಂದರೆ ಕಲಿಕೆ ಮತ್ತು ನೆನಪಿಗೆ, ಇದು ಬೇಕು.

ನೊಬೆಲ್, ಮತ್ತು ಔಷಧವಾಗದ ಪ್ರೋಟೀನ್

1986ರಲ್ಲಿ ರೀಟಾ ಮತ್ತು ಕೋಹೆನ್ ಅವರಿಗೆ ವೈದ್ಯಕೀಯ ನೊಬೆಲ್ ಬಂತು. ಹ್ಯಾಂಬರ್ಗರ್ ಅವರಿಗೆ ಸಿಗಲಿಲ್ಲ. ಇದು ಸರಿಯೇ ಎಂದು ವಿಜ್ಞಾನಿಗಳು ಬಹುಕಾಲ ಚರ್ಚಿಸಿದರು.

ನರಕೋಶ ಬದುಕಿಸುವ ಪ್ರೋಟೀನ್ ಕೈಯಲ್ಲಿದ್ದರೆ ನರರೋಗಗಳೆಲ್ಲ ವಾಸಿಯಾಗಬೇಕಲ್ಲ? ಹಾಗೇ ಎಲ್ಲರೂ ಆಸೆಪಟ್ಟರು. ಸಕ್ಕರೆ ಕಾಯಿಲೆಯಿಂದ ಕಾಲಿನ ನರ ಕೆಟ್ಟ ಸಾವಿರಕ್ಕೂ ಹೆಚ್ಚು ಜನರಿಗೆ ಎನ್‌ಜಿಎಫ್ ಚುಚ್ಚುಮದ್ದು ಕೊಟ್ಟು, ಮದ್ದಿಲ್ಲದ ಚುಚ್ಚುಮದ್ದಿನ ಜೊತೆ ಹೋಲಿಸಿ ನೋಡಿದ ದೊಡ್ಡ ಪರೀಕ್ಷೆ ನಡೆಯಿತು. ನಿರೀಕ್ಷಿಸಿದ ಗುಣ ಕಾಣಲಿಲ್ಲ. ಚುಚ್ಚಿದ ಜಾಗದಲ್ಲಿ ನೋವು ಮಾತ್ರ ಬಂತು. ನೋವಿನ ನರಗಳನ್ನು ಪೋಷಿಸುವ ಪ್ರೋಟೀನ್ ನೋವನ್ನೂ ಹೆಚ್ಚಿಸುತ್ತದೆ.

ಇನ್ನೊಂದು ಪ್ರಸಂಗ ರೀಟಾ ಅವರ ಹೆಸರಿಗೂ ಅಂಟಿಕೊಂಡಿದೆ. ಅವರು ಸಹಯೋಗ ಹೊಂದಿದ್ದ ಇಟಲಿಯ ಔಷಧ ಕಂಪನಿಯೊಂದು ಹಸುವಿನ ಮೆದುಳಿನಿಂದ ತೆಗೆದ, ಗ್ಯಾಂಗ್ಲಿಯೊಸೈಡ್ ಎಂಬ ಕೊಬ್ಬಿನಂಥ ವಸ್ತುವನ್ನು ನರಗಳಿಗೆ ಒಳ್ಳೆಯದೆಂದು ಮಾರುತ್ತಿತ್ತು. ಅದನ್ನು ಚುಚ್ಚಿಸಿಕೊಂಡ ಕೆಲವರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ಬೀಳುವ ಗಿಲಾನ್-ಬಾರೆ ಕಾಯಿಲೆ ಕಂಡಾಗ ಅನುಮಾನ ಹುಟ್ಟಿತು. 1989ರಲ್ಲಿ ಜರ್ಮನಿ, 1993ರಲ್ಲಿ ಇಟಲಿ ಅದರ ಮಾರಾಟ ನಿಲ್ಲಿಸಿದವು. ಎಂಥ ದೊಡ್ಡ ಹೆಸರು ಜೊತೆಗಿದ್ದರೂ ಔಷಧ ಪರೀಕ್ಷೆಯಲ್ಲಿ ಗೆಲ್ಲಲೇಬೇಕು ಎಂಬುದಕ್ಕೆ ಇದು ಉದಾಹರಣೆ.

ಎನ್‌ಜಿಎಫ್ ನಿಜಕ್ಕೂ ಔಷಧವಾದದ್ದು ಒಂದು ಸಣ್ಣ ಜಾಗದಲ್ಲಿ. ನರ ಕೆಟ್ಟು ಕಣ್ಣಿನ ಪಾರದರ್ಶಕ ಪಟಲ ಗಾಯಗೊಳ್ಳುವ ಅಪರೂಪದ ಕಾಯಿಲೆಗೆ ಎನ್‌ಜಿಎಫ್ ಹನಿಮದ್ದು ಯುರೋಪಿನಲ್ಲಿ 2017ರಲ್ಲಿ, ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಪಡೆಯಿತು. ಕಣ್ಣಿಗೆ ನೇರವಾಗಿ ಹಾಕಬಹುದು, ಹಾಗಾಗಿ ತಲುಪಬೇಕಾದಲ್ಲಿಗೆ ತಲುಪುತ್ತದೆ.

ಅದನ್ನು ನೋಡಲು ರೀಟಾ ಇರಲಿಲ್ಲ. ಮದುವೆಯಾಗದೆ, ಅಕ್ಕತಂಗಿಯರಂತೆಯೇ ಗೆಳತಿಯರಂತೆಯೂ ಇದ್ದ ಪಾವೊಲಾ ಜೊತೆ ರೋಮ್‌ನಲ್ಲಿ ಬಾಳಿದ ಅವರು 1992ರಲ್ಲಿ ಪಾವೊಲಾ ಜೊತೆಗೂಡಿ ಒಂದು ಪ್ರತಿಷ್ಠಾನ ಕಟ್ಟಿದರು. ಆಫ್ರಿಕಾದ ಹೆಣ್ಣುಮಕ್ಕಳ ಓದಿಗೆ ಅದು ನೆರವಾಯಿತು. 2001ರಲ್ಲಿ ಇಟಲಿ ಅವರನ್ನು ಆಜೀವ ಸೆನೆಟರ್ ಮಾಡಿತು. ನೂರು ವರ್ಷ ತುಂಬಿದ ಮೊದಲ ನೊಬೆಲ್ ವಿಜೇತರು ಅವರೇ. 2012ರ ಡಿಸೆಂಬರ್ 30ರಂದು, 103ನೇ ವಯಸ್ಸಿನಲ್ಲಿ ತೀರಿಕೊಂಡರು.

ಹಾಗಾದರೆ ಪುಡಿ, ಟಾನಿಕ್ ಕುಡಿದರೆ?

ಮತ್ತೆ ಮೊದಲ ಪ್ರಶ್ನೆಗೆ ಬರೋಣ. ಬಾಯಿಂದ ತಿಂದ ಪ್ರೋಟೀನ್ ಬೇಳೆಯದಾಗಲಿ, ಮೊಟ್ಟೆಯದಾಗಲಿ, ದುಬಾರಿ ಪುಡಿಯದಾಗಲಿ, ಹೊಟ್ಟೆ ಮತ್ತು ಕರುಳಿನಲ್ಲಿ ಅಮೈನೊ ಆಮ್ಲಗಳಾಗಿ ಒಡೆಯುತ್ತದೆ. ಡಬ್ಬಿಯೊಳಗೆ ನಿಜವಾದ ಎನ್‌ಜಿಎಫ್ ಇದ್ದರೂ ಅದು ನರಕೋಶ ಮುಟ್ಟುವ ಮೊದಲೇ ಜೀರ್ಣವಾಗಿರುತ್ತದೆ. ರಕ್ತಕ್ಕೆ ಸೇರಿದರೂ, ಮೆದುಳಿನ ರಕ್ತನಾಳಗಳ ಗೋಡೆ ಇಂಥ ದೊಡ್ಡ ಪ್ರೋಟೀನ್‌ಗಳನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಊಟದ ಪ್ರೋಟೀನ್ ದೇಹಕ್ಕೆ ಬೇಕೇ ಬೇಕು, ಆದರೆ ಅದರಿಂದ ನರದ ಪ್ರೋಟೀನ್ ತಯಾರಿಸುವುದು ದೇಹದ ಕೋಶಗಳೇ, ಅವು ತಮಗೆ ಬೇಕಾದ ಜಾಗದಲ್ಲಿ, ಬೇಕಾದಷ್ಟೇ ತಯಾರಿಸುತ್ತವೆ.

ನಡಿಗೆಯ ಬಗ್ಗೆ ಒಂದು ಮಾತು. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 120 ಹಿರಿಯರಲ್ಲಿ ಅರ್ಧದಷ್ಟು ಜನ ಒಂದು ವರ್ಷ, ವಾರಕ್ಕೆ ಮೂರು ದಿನ ಬಿರುಸಾಗಿ ನಡೆದರು. ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಅವರಲ್ಲಿ ಸುಮಾರು ಶೇ. 2ರಷ್ಟು ಹಿಗ್ಗಿತ್ತು, ಅದಕ್ಕೂ ರಕ್ತದ ಬಿಡಿಎನ್‌ಎಫ್‌ಗೂ ನಂಟು ಕಂಡಿತು. ಇದೊಂದರಿಂದಲೇ ಮರೆವು ಹೋಗುತ್ತದೆ ಎನ್ನಲಾಗದು. ಆದರೂ ಸಕ್ಕರೆ, ರಕ್ತದೊತ್ತಡ, ಹೃದಯ ಎಲ್ಲಕ್ಕೂ ನಡಿಗೆ ಒಳ್ಳೆಯದು, ಖರ್ಚೂ ಇಲ್ಲ.

ಅಂಗಾಲು ಉರಿ, ಜೋಮು, ಸ್ಪರ್ಶ ತಿಳಿಯದಿರುವುದು ಇದ್ದರೆ ಟಾನಿಕ್‌ಗಿಂತ ಮೊದಲು ಆಗಬೇಕಾದದ್ದು ರಕ್ತಪರೀಕ್ಷೆ. ಸಕ್ಕರೆ ಕಾಯಿಲೆ ಇದಕ್ಕೆ ಸಾಮಾನ್ಯ ಕಾರಣ. ಬಿ12 ವಿಟಮಿನ್ ಕೊರತೆ ಇನ್ನೊಂದು, ಅದಕ್ಕೆ ಸರಿಯಾದ ಚಿಕಿತ್ಸೆ ಇದೆ, ತಡಮಾಡಿದರೆ ಹಾನಿ ಉಳಿದುಬಿಡಬಹುದು. ಸಕ್ಕರೆ ಕಾಯಿಲೆ ಇರುವವರು ದಿನವೂ ಪಾದ ನೋಡಿಕೊಳ್ಳಬೇಕು, ಹೊಲಕ್ಕೂ ಬರಿಗಾಲಲ್ಲಿ ಹೋಗಬಾರದು. ಸ್ಪರ್ಶವಿಲ್ಲದ ಪಾದಕ್ಕೆ ಚುಚ್ಚಿದ ಮುಳ್ಳು ಗೊತ್ತೇ ಆಗುವುದಿಲ್ಲ. ಟಾನಿಕ್ ಕುಡಿಯುತ್ತ ಕಳೆದ ಆರು ತಿಂಗಳಲ್ಲಿ ಕೆಟ್ಟ ನರವನ್ನು ಹಿಂದಕ್ಕೆ ತರುವ ಪುಡಿಯನ್ನು ಇದುವರೆಗೆ ಯಾರೂ ಮಾಡಿಲ್ಲ.